ನೆಟ್ಸ್ ವಿಡಿಯೊ ಸೆರೆಹಿಡಿಯುವ ಕಂಪ್ಯೂಟರ್: ದೋಷ ಪತ್ತೆ ಮತ್ತು ಪರಿಹಾರ

ಕ್ರಿಕೆಟ್ ನೆಟ್ಸ್‌ನಲ್ಲಿ ಕೋಚಿಂಗ್‌ಗೆ ತೆಗೆದ ವಿಡಿಯೊದಲ್ಲಿ ಚಿತ್ರ ಮಸುಕಾಗಿದ್ದರೆ ಕಣ್ಣಿಗೆ ಕಾಣುತ್ತದೆ, ಸರಿಪಡಿಸಿಕೊಳ್ಳಬಹುದು. ಫ್ರೇಮ್, ಅಂದರೆ ವಿಡಿಯೊದ ಒಂದು ಬಿಡಿ ಚಿತ್ರ, ಕಾಣೆಯಾಗಿದ್ದರೆ ಕಾಣುವುದಿಲ್ಲ. ವಿಡಿಯೊ ಸಲೀಸಾಗಿ ಓಡುತ್ತದೆ, ಆದರೆ ಅದರಿಂದ ತೆಗೆದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಗಂಟೆಗೆ 120 ಕಿ.ಮೀ ವೇಗದ ಚೆಂಡು ಒಂದು ಪಾಪಿಂಗ್ ಕ್ರೀಸ್‌ನಿಂದ ಇನ್ನೊಂದಕ್ಕೆ, ಅಂದರೆ 17.68 ಮೀಟರ್ ಸಾಗಲು ಸುಮಾರು 0.53 ಸೆಕೆಂಡ್ ಬೇಕು. ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಅದು 26 ಅಥವಾ 27 ಫ್ರೇಮ್. ನಡುವೆ ಎರಡು ಫ್ರೇಮ್ ಉದುರಿಹೋದರೆ ಅದೇ ಬೌಲರ್ 130 ಕಿ.ಮೀ ಹಾಕಿದಂತೆ ಲೆಕ್ಕ ಬರುತ್ತದೆ. ಹುಡುಗನ ವೇಗ ಹೆಚ್ಚಿದೆ ಎಂದು ಕೋಚ್ ಖುಷಿಪಡುತ್ತಾರೆ, ಹೆಚ್ಚಿದ್ದು ಯುಎಸ್‌ಬಿ ಕೇಬಲ್‌ನ ತೊಂದರೆ ಮಾತ್ರ.

ಇಲ್ಲಿ ಹೇಳುವ ವ್ಯವಸ್ಥೆ ಜಿಲ್ಲಾ ಮಟ್ಟದ ಅಕಾಡೆಮಿಗೂ ಕೈಗೆಟುಕುವಂಥದ್ದು. ನೆಟ್ಸ್ ಪಕ್ಕದಲ್ಲಿ ಟ್ರೈಪಾಡ್ ಮೇಲೊಂದು ಕ್ಯಾಮೆರಾ, ಅದರಿಂದ ಎಚ್‌ಡಿಎಂಐ ಕೇಬಲ್, ಆ ಚಿತ್ರವನ್ನು ಲ್ಯಾಪ್‌ಟಾಪ್ ಒಳಗೆ ತರುವ ಒಂದು ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್, ವಿಂಡೋಸ್ ಲ್ಯಾಪ್‌ಟಾಪ್. ರೆಕಾರ್ಡ್ ಮಾಡಲು ಓಬಿಎಸ್ ಸ್ಟುಡಿಯೊ, ಫ್ರೇಮ್ ಫ್ರೇಮ್ ಆಗಿ ನೋಡಿ ಅಳೆಯಲು ಕಿನೋವಿಯಾ. ಎರಡೂ ತಂತ್ರಾಂಶ ಉಚಿತ. ದೋಷ ಬಂದಾಗ ಕೈಗೆ ಸಿಕ್ಕಿದ ಸೆಟ್ಟಿಂಗ್ ಬದಲಿಸುತ್ತ ಹೋಗಬೇಡಿ. ಸರಪಳಿಯ ಯಾವ ಕೊಂಡಿಯಲ್ಲಿ ತಪ್ಪಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಅದಕ್ಕೆ ಬೇಕಾಗಿರುವುದು ಒಂದು ಚೆಂಡು, ಒಂದು ಅಳತೆ ಪಟ್ಟಿ.

ಚೆಂಡು ಬೀಳಿಸುವ ಪರೀಕ್ಷೆ

122.5 ಸೆಂ.ಮೀ ಎತ್ತರದಿಂದ ಕೈಬಿಟ್ಟ ಚೆಂಡು ನೆಲ ಮುಟ್ಟಲು ಸರಿಯಾಗಿ ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತದೆ. ಗುರುತ್ವಾಕರ್ಷಣೆ ಯಾವ ಸೆಟ್ಟಿಂಗ್‌ಗೂ ಬಗ್ಗುವುದಿಲ್ಲ, ಆದ್ದರಿಂದ ಇದಕ್ಕಿಂತ ಒಳ್ಳೆಯ ಗಡಿಯಾರ ಮೈದಾನದಲ್ಲಿ ಸಿಗುವುದಿಲ್ಲ. ಗೋಡೆಗೋ ಕಂಬಕ್ಕೋ ಆ ಎತ್ತರದಲ್ಲಿ ಬಿಳಿ ಟೇಪ್ ಅಂಟಿಸಿ. ಚೆಂಡಿನ ಕೆಳ ಅಂಚು ಟೇಪಿನ ಮಟ್ಟಕ್ಕೆ ಬರುವಂತೆ ಹಿಡಿದು, ತಳ್ಳದೆ ಬೆರಳು ಬಿಚ್ಚಿ ಬಿಡಿ. ಶಟರ್, ಅಂದರೆ ಒಂದು ಫ್ರೇಮ್‌ಗೆ ಬೆಳಕು ಬೀಳುವ ಅವಧಿ, 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗವಾಗಿರಲಿ. ರೆಕಾರ್ಡ್ ಮಾಡಿ, ಕಿನೋವಿಯಾದಲ್ಲಿ ತೆರೆದು, ಕೈಬಿಟ್ಟ ಫ್ರೇಮ್‌ನಿಂದ ನೆಲ ತಾಕಿದ ಫ್ರೇಮ್‌ವರೆಗೆ ಬಾಣದ ಕೀಲಿ ಒತ್ತುತ್ತ ಎಣಿಸಿ.

50 ಫ್ರೇಮ್ ವೇಗದಲ್ಲಿ 25 ಬರಬೇಕು, 60ರಲ್ಲಿ 30. ಕೈಬಿಟ್ಟ ನಂತರದ ಮೊದಲ ಫ್ರೇಮ್‌ನಲ್ಲಿ ಚೆಂಡು ಇಳಿದಿರುವುದು ಬರೀ 2 ಮಿ.ಮೀ. ಹಾಗಾಗಿ ಆರಂಭ ಗುರುತಿಸುವಾಗ ಒಂದು ಫ್ರೇಮ್ ಆಚೀಚೆ ಆಗಬಹುದು, 24ರಿಂದ 26ರವರೆಗೆ ಸರಿಯೆಂದೇ ತಿಳಿಯಿರಿ. ಒಂದೇ ಸಲ ಮಾಡಿ ತೀರ್ಮಾನಿಸಬೇಡಿ, ಐದು ಸಲ ಬೀಳಿಸಿ.

ಎಣಿಕೆಯಷ್ಟೇ ಮುಖ್ಯವಾದದ್ದು ಚೆಂಡಿನ ನಡೆ. ನೆಲದ ಹತ್ತಿರ ಬರುವಾಗ ಅದು 50 ಫ್ರೇಮ್ ವೇಗದಲ್ಲಿ ಒಂದೊಂದು ಫ್ರೇಮ್‌ಗೆ ಒಂಬತ್ತು, ಹತ್ತು ಸೆಂ.ಮೀ ಇಳಿಯುತ್ತಿರುತ್ತದೆ. ಯಾವುದೋ ಒಂದು ಹೆಜ್ಜೆಯಲ್ಲಿ ಇದ್ದಕ್ಕಿದ್ದಂತೆ ಎರಡರಷ್ಟು ಜಿಗಿದರೆ ಅಲ್ಲೊಂದು ಫ್ರೇಮ್ ಕಾಣೆಯಾಗಿದೆ. ಕೀಲಿ ಒತ್ತಿದರೂ ಚೆಂಡು ಅಲ್ಲೇ ನಿಂತಿದ್ದರೆ ಅದು ನಕಲು ಫ್ರೇಮ್. ಎಣಿಕೆ ಸರಿಯಿದ್ದು, ಒಂದು ಬಿಟ್ಟು ಒಂದು ಒತ್ತಿಗೆ ಚೆಂಡು ನಿಲ್ಲುತ್ತಿದ್ದರೆ ನಿಮಗೆ ನಿಜವಾಗಿ ಸಿಗುತ್ತಿರುವುದು 25 ಫ್ರೇಮ್ ಮಾತ್ರ, ಎಲ್ಲೋ ಅದನ್ನು ಎರಡು ಪಟ್ಟು ಮಾಡಲಾಗಿದೆ. 60 ಫ್ರೇಮ್ ಫೈಲ್‌ನಲ್ಲಿ ಆರಕ್ಕೊಂದು ಫ್ರೇಮ್ ನಿಂತರೆ ಕ್ಯಾಮೆರಾ 50ರಲ್ಲಿದೆ, ತಂತ್ರಾಂಶ 60ರಲ್ಲಿದೆ. ಎಣಿಕೆ ನೂರು ದಾಟಿದರೆ ಅದು ಸ್ಲೋಮೋಷನ್ ಫೈಲ್. ಅದರ ವಿಚಾರ ಫೋನ್ ಭಾಗದಲ್ಲಿ ಬರುತ್ತದೆ.

ಈಗ ಸರಪಳಿಯನ್ನು ಎರಡು ತುಂಡು ಮಾಡಿ. ಅದೇ ಪರೀಕ್ಷೆಯನ್ನು ಲ್ಯಾಪ್‌ಟಾಪ್‌ನಲ್ಲೂ ಕ್ಯಾಮೆರಾದ ಮೆಮೊರಿ ಕಾರ್ಡ್‌ನಲ್ಲೂ ಒಟ್ಟಿಗೆ ರೆಕಾರ್ಡ್ ಮಾಡಿ. ಕಾರ್ಡಿನ ಫೈಲ್ ಕೂಡ ತಪ್ಪಿದ್ದರೆ ದೋಷ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿದೆ, ಲ್ಯಾಪ್‌ಟಾಪ್ ಮುಟ್ಟಬೇಕಾಗಿಲ್ಲ. ಕಾರ್ಡಿನ ಫೈಲ್ ಸರಿಯಿದ್ದು ಲ್ಯಾಪ್‌ಟಾಪ್‌ನದು ತಪ್ಪಿದ್ದರೆ ಎಚ್‌ಡಿಎಂಐ ಕೇಬಲ್‌ನಿಂದ ಈಚೆಗಷ್ಟೇ ಹುಡುಕಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಚಿತ್ರವೇ ಬರುತ್ತಿಲ್ಲ

ಕ್ಯಾಮೆರಾದ ಕೇಬಲ್ಲನ್ನು ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕಿಂಡಿಗೇ ಸಿಕ್ಕಿಸಿದ್ದೀರಾ ನೋಡಿ. ಆ ಕಿಂಡಿ ಟಿವಿಗೆ ಚಿತ್ರ ಕಳಿಸಲು ಇರುವುದು, ಒಳಗೆ ತೆಗೆದುಕೊಳ್ಳಲು ಅಲ್ಲ. ಕ್ಯಾಪ್ಚರ್ ಕಾರ್ಡ್ ಇಲ್ಲದೆ ದಾರಿಯಿಲ್ಲ.

ಕಾರ್ಡ್ ಇದ್ದೂ ಪರದೆ ಕಪ್ಪಾಗಿದ್ದರೆ ಅದೇ ಕ್ಯಾಮೆರಾ, ಅದೇ ಕೇಬಲ್ಲನ್ನು ಒಂದು ಟಿವಿಗೆ ಹಾಕಿ. ಟಿವಿಯಲ್ಲೂ ಬರದಿದ್ದರೆ ಕೇಬಲ್ ಅಥವಾ ಕ್ಯಾಮೆರಾದ ಕಿಂಡಿ ಕೆಟ್ಟಿದೆ. ಮೈಕ್ರೊ ಎಚ್‌ಡಿಎಂಐ ಕಿಂಡಿಗಳು ಬಹಳ ನಾಜೂಕು, ಕೇಬಲ್ ತೂಕಕ್ಕೇ ಸಡಿಲವಾಗುತ್ತವೆ. ಕೇಬಲ್ಲನ್ನು ಟ್ರೈಪಾಡ್ ಕಾಲಿಗೆ ಒಂದು ಸುತ್ತು ಕಟ್ಟಿ, ಎಳೆತ ಕಿಂಡಿಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಟಿವಿಯಲ್ಲಿ ಬಂದು ಲ್ಯಾಪ್‌ಟಾಪ್‌ನಲ್ಲಿ ಬರದಿದ್ದರೆ ಓಬಿಎಸ್, ಕಿನೋವಿಯಾ, ಜೂಮ್ ಎಲ್ಲವನ್ನೂ ಮುಚ್ಚಿ ವಿಂಡೋಸ್‌ನ ಕ್ಯಾಮೆರಾ ಆ್ಯಪ್ ಒಂದನ್ನೇ ತೆರೆಯಿರಿ. ಸಾಮಾನ್ಯವಾಗಿ ಕ್ಯಾಪ್ಚರ್ ಕಾರ್ಡ್ ಒಂದು ಹೊತ್ತಿಗೆ ಒಂದೇ ತಂತ್ರಾಂಶಕ್ಕೆ ಸಿಗುತ್ತದೆ. ಓಬಿಎಸ್ ಹಿಡಿದುಕೊಂಡಿದ್ದರೆ ಕಿನೋವಿಯಾಗೆ ಕಪ್ಪು ಪರದೆ. ಕ್ಯಾಮೆರಾ ಆ್ಯಪ್‌ನಲ್ಲಿ ಮಾತ್ರ ಬಂದು ಉಳಿದವುಗಳಲ್ಲಿ ಬರದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗಕ್ಕೆ ಹೋಗಿ, ಕ್ಯಾಮೆರಾ ಪುಟದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಆನ್ ಮಾಡಿ.

ಪಂದ್ಯದ ಪ್ರಸಾರವನ್ನು ಸೆಟ್‌ಟಾಪ್ ಬಾಕ್ಸ್‌ನಿಂದ ಹಿಡಿಯಲು ಹೋದವರಿಗೂ ಕಪ್ಪು ಪರದೆಯೇ ಕಾಣುವುದು. ಅದು ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆ, ದೋಷವಲ್ಲ.

ಚಿತ್ರ ಬಂದರೂ ಅದರ ಮೇಲೆ ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲ ಅಚ್ಚಾಗುತ್ತಿದ್ದರೆ ಕ್ಯಾಮೆರಾ ಮೆನುವಿನಲ್ಲಿ ಎಚ್‌ಡಿಎಂಐ ಮಾಹಿತಿ ಪ್ರದರ್ಶನ ಆಫ್ ಮಾಡಿ.

ಫ್ರೇಮ್ ಉದುರುತ್ತಿದೆ ಅಥವಾ ನಕಲಾಗುತ್ತಿದೆ

ಹೆಚ್ಚಿನ ತೊಂದರೆ ಇರುವುದು ಇಲ್ಲಿ. ಓಬಿಎಸ್‌ನಲ್ಲಿ ಡಾಕ್ಸ್ ಮೆನುವಿನಿಂದ ಸ್ಟ್ಯಾಟ್ಸ್ ಕಿಟಕಿ ತೆರೆದಿಟ್ಟುಕೊಂಡು ಹತ್ತು ನಿಮಿಷ ರೆಕಾರ್ಡ್ ಮಾಡಿ. ಅಲ್ಲಿ ಎರಡು ಸಾಲು ಗಮನಿಸಿ. ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೆಚ್ಚಾಗಿದೆ, ಪ್ರಿವ್ಯೂ ಆಫ್ ಮಾಡಿ, ಬೇರೆ ಕಿಟಕಿಗಳನ್ನು ಮುಚ್ಚಿ. ಎನ್‌ಕೋಡಿಂಗ್ ಲ್ಯಾಗ್ ಏರಿದರೆ ವಿಡಿಯೊ ಕುಗ್ಗಿಸುವ ಕೆಲಸ ಲ್ಯಾಪ್‌ಟಾಪ್‌ಗೆ ಆಗುತ್ತಿಲ್ಲ. ಎನ್‌ಕೋಡರ್ ಎಕ್ಸ್264 (ಪ್ರೊಸೆಸರ್ ಮೇಲೆಯೇ ಭಾರ ಹಾಕುವಂಥದ್ದು) ಇದ್ದರೆ ತೆಗೆದು, ಇಂಟೆಲ್ ಚಿಪ್ ಆದರೆ ಕ್ವಿಕ್‌ಸಿಂಕ್, ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್‌ವಿಎನ್‌ಕ್ ಆರಿಸಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಒಂದು ಬದಲಾವಣೆಗೇ ಸಂಖ್ಯೆ ಸೊನ್ನೆಗೆ ಇಳಿಯುತ್ತದೆ.

ಎರಡೂ ಸಾಲು ಸೊನ್ನೆ ಇದ್ದು, ಚೆಂಡಿನ ಪರೀಕ್ಷೆ ಮಾತ್ರ ತಪ್ಪುತ್ತಿದ್ದರೆ? ಓಬಿಎಸ್ ತನಗೆ ಬಂದದ್ದನ್ನಷ್ಟೇ ಲೆಕ್ಕ ಇಡುತ್ತದೆ. ಅದರ ಕೈಗೆ ಬರುವ ಮೊದಲೇ ಕಳೆದುಹೋದ ಫ್ರೇಮ್ ಅದಕ್ಕೆ ಗೊತ್ತಾಗುವುದಿಲ್ಲ, ಹಿಂದಿನ ಫ್ರೇಮನ್ನೇ ಮತ್ತೊಮ್ಮೆ ಬರೆದು ಮುಂದೆ ಹೋಗುತ್ತದೆ. ಆಗ ಅನುಮಾನ ಪಡಬೇಕಾದದ್ದು ಯುಎಸ್‌ಬಿಯನ್ನು.

ಲೆಕ್ಕ ಹೀಗಿದೆ. ಕುಗ್ಗಿಸದ 1080ಪಿ ಚಿತ್ರ, ವೈಯುವೈ2 ರೂಪದಲ್ಲಿ, ಒಂದು ಫ್ರೇಮ್‌ಗೆ ಸುಮಾರು 4.1 ಎಂಬಿ. ಸೆಕೆಂಡಿಗೆ 50 ಫ್ರೇಮ್ ಎಂದರೆ 207 ಎಂಬಿ. ಯುಎಸ್‌ಬಿ 2.0 ಕಾಗದದ ಮೇಲೆ 480 ಮೆಗಾಬಿಟ್, ಅಂದರೆ 60 ಎಂಬಿ. ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದಲೇ ಅಗ್ಗದ ಯುಎಸ್‌ಬಿ 2.0 ಕ್ಯಾಪ್ಚರ್ ಕಡ್ಡಿಗಳು 1080ಪಿಯನ್ನು ವೈಯುವೈ2ನಲ್ಲಿ ಸೆಕೆಂಡಿಗೆ 5 ಫ್ರೇಮ್ ಮಾತ್ರ ಕೊಡುತ್ತವೆ. ಪ್ರತಿ ಫ್ರೇಮನ್ನೂ ಕುಗ್ಗಿಸಿ ಕಳಿಸುವ ಎಂಜೆಪೆಗ್ ರೂಪದಲ್ಲಿ 1080ಪಿಗೆ 30, 720ಪಿಗೆ 60 ಫ್ರೇಮ್‌ವರೆಗೆ ಕೊಡುತ್ತವೆ. ಡಬ್ಬಿಯ ಮೇಲೆ 4ಕೆ ಎಂದು ಬರೆದಿರುವುದು ಒಳಗೆ ಬರುವ ಸಂಕೇತಕ್ಕೆ, ಹೊರಗೆ ಸಿಗುವುದಕ್ಕಲ್ಲ.

ಹಾಗೆಂದು ಅಗ್ಗದ ಕಡ್ಡಿಯನ್ನು ಎಸೆಯಬೇಕಾಗಿಲ್ಲ. ಓಬಿಎಸ್‌ನಲ್ಲಿ ವಿಡಿಯೊ ಕ್ಯಾಪ್ಚರ್ ಡಿವೈಸ್‌ನ ಪ್ರಾಪರ್ಟೀಸ್ ತೆರೆದು ರೆಸಲ್ಯೂಷನ್ ಟೈಪ್ ಕಸ್ಟಮ್ ಮಾಡಿ, 1280x720, 50 ಫ್ರೇಮ್, ವಿಡಿಯೊ ಫಾರ್ಮ್ಯಾಟ್ ಎಂಜೆಪೆಗ್ ಎಂದು ಕೈಯಾರೆ ಆರಿಸಿ. ಆಟೊ ಬಿಟ್ಟರೆ ಅದು ತನಗೆ ತೋಚಿದ್ದನ್ನು ಹಿಡಿಯುತ್ತದೆ. ಕೋಚಿಂಗ್‌ಗೆ 1080ಪಿ 30ಕ್ಕಿಂತ 720ಪಿ 50 ಮೇಲು, ಇದರಲ್ಲಿ ಎರಡು ಮಾತಿಲ್ಲ. ಮುಂಗಾಲು ಊರುವ ಕ್ಷಣ, ಚೆಂಡು ಬ್ಯಾಟಿಗೆ ತಾಗುವ ಕ್ಷಣ ಸಿಗಬೇಕಾದರೆ ಫ್ರೇಮ್ ಹೆಚ್ಚಿರಬೇಕು, ಹುಲ್ಲಿನ ಎಳೆ ಎಣಿಸುವ ಸ್ಪಷ್ಟತೆ ಬೇಕಿಲ್ಲ.

ಯುಎಸ್‌ಬಿ 3.0 ಕಾರ್ಡ್ ಕೊಂಡವರಿಗೆ ಬರುವ ತೊಂದರೆ ಬೇರೆ. ಕಾರ್ಡ್ 3.0 ಆಗಿದ್ದರೂ ಸಂಪರ್ಕ 2.0 ಆಗಿರುತ್ತದೆ. ಕಿಂಡಿ ಹಳೆಯದಿರಬಹುದು, ನಡುವೆ 2.0 ಹಬ್ ಅಥವಾ ಎಕ್ಸ್‌ಟೆನ್ಷನ್ ಇರಬಹುದು. ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ: ಆಯತಾಕಾರದ ಟೈಪ್ ಎ ಪ್ಲಗ್ಗನ್ನು ನಿಧಾನವಾಗಿ ತೂರಿಸಿದರೆ 2.0ರ ನಾಲ್ಕು ಪಿನ್‌ಗಳು ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಸಾಧನ ಎಂದೇ ಗುರುತಿಸಿಬಿಡಬಹುದು. ತೆಗೆದು, ಒಂದೇ ಸಲಕ್ಕೆ ಗಟ್ಟಿಯಾಗಿ ಸಿಕ್ಕಿಸಿ. ಓಬಿಎಸ್‌ನ ಫಾರ್ಮ್ಯಾಟ್ ಪಟ್ಟಿಯಲ್ಲಿ ನಿನ್ನೆ ಕಂಡಿದ್ದ 1080ಪಿ 50 ಇವತ್ತು ಮಾಯವಾಗಿದ್ದರೆ ಇದೇ ಕಾರಣ ಇರಬಹುದು.

ಉದ್ದ ಬೇಕಾದರೆ ಎಚ್‌ಡಿಎಂಐ ಕಡೆ ಉದ್ದ ಮಾಡಿ, ಯುಎಸ್‌ಬಿ ಕಡೆ ಅಲ್ಲ. ಒಳ್ಳೆಯ ಎಚ್‌ಡಿಎಂಐ ಕೇಬಲ್ 1080ಪಿಯನ್ನು 10 ಮೀಟರ್‌ವರೆಗೆ ಸಾಗಿಸುತ್ತದೆ. ಯುಎಸ್‌ಬಿ 3.0 ಕೇಬಲ್ 3 ಮೀಟರ್ ದಾಟಿದರೆ ನಂಬುವಂತಿಲ್ಲ. ಕಾರ್ಡ್ ಲ್ಯಾಪ್‌ಟಾಪ್‌ಗೆ ಅಂಟಿಕೊಂಡಿರಲಿ.

ಎರಡು ಕ್ಯಾಮೆರಾ ಹಾಕಿದಾಗ ಎರಡನೆಯದು ಆನ್ ಆಗದಿದ್ದರೆ ಎರಡೂ ಕಾರ್ಡ್‌ಗಳು ಒಂದೇ ಯುಎಸ್‌ಬಿ ಕಂಟ್ರೋಲರ್ (ಕಿಂಡಿಗಳನ್ನು ನಡೆಸುವ ಚಿಪ್) ಮೇಲೆ ಕೂತಿವೆ. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಡಿವೈಸಸ್ ಬೈ ಕನೆಕ್ಷನ್ ಆರಿಸಿದರೆ ಯಾವ ಕಾರ್ಡ್ ಯಾವುದರ ಕೆಳಗಿದೆ ಎಂದು ಕಾಣುತ್ತದೆ. ಎಡಬಲದ ಕಿಂಡಿಗಳು ಬೇರೆ ಬೇರೆ ಎಂದು ಊಹಿಸಬೇಡಿ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲ ಕಿಂಡಿಗೂ ಕಂಟ್ರೋಲರ್ ಒಂದೇ.

ಇನ್ನು ಓಬಿಎಸ್ ಒಳಗಿನ ಸೆಟ್ಟಿಂಗ್. ಸೆಟ್ಟಿಂಗ್ಸ್‌ನ ವಿಡಿಯೊ ಪುಟದಲ್ಲಿ ಫ್ರೇಮ್ ವೇಗ ಕ್ಯಾಮೆರಾದ್ದೇ ಆಗಿರಬೇಕು. ಪಟ್ಟಿಯಲ್ಲಿ 50 ಪಾಲ್ (PAL) ಎಂದಿರುವುದನ್ನು ಆರಿಸಿ. ಬೇಸ್ ಕ್ಯಾನ್ವಾಸ್ ತಾನಾಗಿ ಲ್ಯಾಪ್‌ಟಾಪ್ ಪರದೆಯ ಅಳತೆ ಹಿಡಿದು 1366x768 ಆಗಿ ಕೂತಿರಬಹುದು, ಅದನ್ನೂ ಔಟ್‌ಪುಟ್ಟನ್ನೂ ಕಾರ್ಡ್ ಕೊಡುವ ಅಳತೆಗೆ ಸರಿಹೊಂದಿಸಿ. ಔಟ್‌ಪುಟ್ ಪುಟದಲ್ಲಿ ಅಡ್ವಾನ್ಸ್‌ಡ್ ಆಯ್ದು ಕೀಫ್ರೇಮ್ ಇಂಟರ್ವಲ್ 1 ಸೆಕೆಂಡ್ ಕೊಡಿ. ಆಟೊ ಬಿಟ್ಟರೆ ಎಕ್ಸ್264 ಎನ್‌ಕೋಡರ್ 250 ಫ್ರೇಮ್‌ಗೊಮ್ಮೆ ಮಾತ್ರ ಪೂರ್ಣ ಚಿತ್ರ ಬರೆಯುತ್ತದೆ, 50 ಫ್ರೇಮ್‌ನಲ್ಲಿ ಅದು ಐದು ಸೆಕೆಂಡ್. ಆಗ ಕಿನೋವಿಯಾದಲ್ಲಿ ಒಂದೊಂದೇ ಫ್ರೇಮ್ ಹಿಂದಕ್ಕೆ ಹೋಗುವುದು ಎಳೆದಾಡಿದಂತಾಗುತ್ತದೆ, ಲ್ಯಾಪ್‌ಟಾಪ್ ನಿಧಾನ ಎಂದು ದೂರುತ್ತೇವೆ.

ಮೊದಲ ಹದಿನೈದು ನಿಮಿಷ ಸರಿ, ಆಮೇಲೆ ತೊಂದರೆ

ಸಮಯ ಕಳೆದಂತೆ ಹುಟ್ಟುವ ದೋಷದ ಕಾರಣ ಬಹುಪಾಲು ಶಾಖ. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಕಬ್ಬಿಣದ ಮೇಜಿನ ಮೇಲಿಟ್ಟ ಲ್ಯಾಪ್‌ಟಾಪ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ತಗ್ಗಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಗಿಗಾಹರ್ಟ್ಸ್ ಸಂಖ್ಯೆ ನೋಡುತ್ತಿರಿ. ಅದು ಕುಸಿದ ಹೊತ್ತಿಗೇ ಓಬಿಎಸ್‌ನಲ್ಲಿ ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಅನುಮಾನವೇ ಬೇಡ. ನೆರಳು ಮಾಡಿ, ಹಿಂಭಾಗವನ್ನು ಎರಡು ಇಂಚು ಎತ್ತರಿಸಿ, ಮೇಜಿನ ಬಟ್ಟೆ ತೆಗೆಯಿರಿ. ಚಾರ್ಜರ್ ಸದಾ ಹಾಕಿರಲಿ, ಬ್ಯಾಟರಿ ಮೇಲೆ ಓಡುವಾಗಲೂ ವೇಗ ತಗ್ಗುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ವಿದ್ಯುತ್ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಚೆಂಡು ಬೀಳಿಸುವ ಪರೀಕ್ಷೆಯನ್ನು ಅಭ್ಯಾಸದ ಆರಂಭದಲ್ಲಿ ಮಾತ್ರವಲ್ಲ, ಕೊನೆಗೂ ಒಮ್ಮೆ ಮಾಡಿ.

ಕ್ಯಾಮೆರಾ ತಾನೇ ಆರಿಹೋದರೆ ಆಟೊ ಪವರ್ ಆಫ್ ಇದೆಯೇ ನೋಡಿ. ಸರಿಯಾಗಿ ಅರ್ಧ ಗಂಟೆಗೆ ರೆಕಾರ್ಡಿಂಗ್ ನಿಂತರೆ ಅದು ಕೆಲವು ಹಳೆಯ ಕ್ಯಾಮೆರಾಗಳಲ್ಲಿರುವ 29 ನಿಮಿಷ 59 ಸೆಕೆಂಡಿನ ಮಿತಿ. ಕಾರ್ಡಿಗೆ ಬರೆಯದೆ ಎಚ್‌ಡಿಎಂಐ ಮೂಲಕ ಮಾತ್ರ ಕಳಿಸಿದರೆ ಆ ಮಿತಿ ಅಡ್ಡ ಬರುವುದಿಲ್ಲ.

ಕ್ಯಾಮೆರಾದ ಅಡಾಪ್ಟರ್ ಮತ್ತು ಲ್ಯಾಪ್‌ಟಾಪ್ ಚಾರ್ಜರ್ ಎರಡನ್ನೂ ಭೂಸಂಪರ್ಕವಿರುವ ಒಂದೇ ಬೋರ್ಡಿಗೆ ಹಾಕಿ. ಒಂದು ಜನರೇಟರ್ ಸಾಲಿನಲ್ಲಿ, ಇನ್ನೊಂದು ಕಟ್ಟಡದ ಸಾಲಿನಲ್ಲಿ ಇದ್ದರೆ ವೋಲ್ಟೇಜ್ ವ್ಯತ್ಯಾಸ ಎಚ್‌ಡಿಎಂಐ ಕೇಬಲ್ ಮೂಲಕವೇ ಹರಿದು ಕಿಂಡಿ ಸುಡಬಹುದು. ಮುಟ್ಟಿದಾಗ ಜುಮ್ಮೆಂದರೆ ಅದೇ ಮುನ್ಸೂಚನೆ, ತಕ್ಷಣ ಎರಡನ್ನೂ ಕಳಚಿ.

ಚಿತ್ರ ಮಿನುಗುತ್ತಿದೆ, ಪಟ್ಟೆ ಓಡುತ್ತಿದೆ

ನಮ್ಮ ವಿದ್ಯುತ್ 50 ಹರ್ಟ್ಸ್. ಅದರಿಂದ ಉರಿಯುವ ಸಾಮಾನ್ಯ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕ್ಯಾಮೆರಾ 60 ಅಥವಾ 30 ಫ್ರೇಮ್‌ನಲ್ಲಿದ್ದು ಶಟರ್ ವೇಗವಾಗಿದ್ದರೆ ಒಂದೊಂದು ಫ್ರೇಮ್ ಆ ಏರಿಳಿತದ ಒಂದೊಂದು ಹಂತವನ್ನು ಹಿಡಿಯುತ್ತದೆ. ಬೆಳಕು, ಮಬ್ಬು, ಮಬ್ಬು, ಮತ್ತೆ ಬೆಳಕು ಎಂದು ಸುಮಾರಾಗಿ ಮೂರು ಫ್ರೇಮ್‌ಗೊಮ್ಮೆ ಮರುಕಳಿಸುತ್ತದೆ. ಫ್ರೇಮ್ ಸರಿಸಿ ನೋಡಿದಾಗ ಈ ಮೂರರ ತಾಳ ಕಂಡರೆ ಕೇಬಲ್ಲನ್ನು ದೂರಬೇಡಿ, ಕ್ಯಾಮೆರಾ ಮೆನುವಿನಲ್ಲಿ ಎನ್‌ಟಿಎಸ್‌ಸಿ (60 ಹರ್ಟ್ಸ್ ದೇಶಗಳ ವಿಡಿಯೊ ಪದ್ಧತಿ) ಎಂದಿರುವುದನ್ನು ಪಾಲ್ (50 ಹರ್ಟ್ಸ್‌ನದು) ಮಾಡಿ. ಆಗ 50 ಮತ್ತು 25 ಫ್ರೇಮ್ ಆಯ್ಕೆ ತೆರೆದುಕೊಳ್ಳುತ್ತದೆ. 50ರಲ್ಲಿ ಪ್ರತಿ ಫ್ರೇಮ್‌ಗೂ ದೀಪದ ಹಂತ ಒಂದೇ ಆಗಿರುವುದರಿಂದ ಮಿನುಗು ನಿಲ್ಲುತ್ತದೆ. ಶಟರ್ ಬಹಳ ವೇಗವಿದ್ದರೆ ಒಂದು ಮಬ್ಬು ಪಟ್ಟೆ ಉಳಿದು ನಿಧಾನವಾಗಿ ತೇಲಬಹುದು, ಏಕೆಂದರೆ ವಿದ್ಯುತ್ ಎಂದೂ ಕರಾರುವಾಕ್ಕಾಗಿ 50 ಇರುವುದಿಲ್ಲ. ಶಟರ್ 1/100 ಅಥವಾ 1/50 ಇದ್ದರೆ ಪಟ್ಟೆಯೂ ಹೋಗುತ್ತದೆ, ಆದರೆ ಚಲನೆ ಮಸುಕಾಗುತ್ತದೆ.

ಒಳಾಂಗಣ ನೆಟ್ಸ್‌ನಲ್ಲಿ ನಿಜವಾದ ಪರಿಹಾರ ದೀಪ ಬದಲಿಸುವುದೇ. ಸ್ಥಿರ ಡಿಸಿ ಕೊಡುವ ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ದೀಪ ಮಿನುಗುವುದಿಲ್ಲ. ಅಂಗಡಿಯಲ್ಲೇ ಫೋನಿನ 240 ಫ್ರೇಮ್ ಸ್ಲೋಮೋಷನ್‌ನಲ್ಲಿ ದೀಪ ಚಿತ್ರಿಸಿ ನೋಡಿದರೆ ಗೊತ್ತಾಗುತ್ತದೆ. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳಾದರೆ ಪಕ್ಕಪಕ್ಕದವನ್ನು ಬೇರೆ ಬೇರೆ ಫೇಸ್‌ಗೆ ಹಂಚುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಒಂದು ಇಳಿದಾಗ ಇನ್ನೊಂದು ಏರಿರುತ್ತದೆ.

ಚೆಂಡು ಗೆರೆಯಂತೆ ಕಾಣುತ್ತದೆ, ಆಟಗಾರ ಮಸುಕು

120 ಕಿ.ಮೀ ವೇಗದ ಚೆಂಡು 1/100 ಶಟರ್‌ನಲ್ಲಿ 33 ಸೆಂ.ಮೀ ಉದ್ದದ ಗೆರೆಯಾಗುತ್ತದೆ, 1/500ರಲ್ಲಿ ಸುಮಾರು 7, 1/1000ರಲ್ಲಿ 3.3. ಚೆಂಡಿನ ವ್ಯಾಸವೇ ಸುಮಾರು 7 ಸೆಂ.ಮೀ. ಹಗಲು ಹೊತ್ತು 1/1000ಕ್ಕೆ ಕಡಿಮೆ ಇಡಬೇಡಿ. ಒಳಾಂಗಣದಲ್ಲಿ ಅಷ್ಟು ಬೆಳಕು ಸಿಗುವುದಿಲ್ಲ, 1/50ರಿಂದ 1/1000ಕ್ಕೆ ಹೋದರೆ ಒಳಬರುವ ಬೆಳಕು ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ. ಅಲ್ಲಿ ದೇಹದ ಭಂಗಿ, ಕಾಲಿನ ಚಲನೆ ನೋಡಿ. ಸೀಮ್, ಅಂದರೆ ಚೆಂಡಿನ ಹೊಲಿಗೆ, ನೋಡುವ ಆಸೆ ಬಿಡಿ.

ಶಟರ್ ಸರಿಯಿದ್ದೂ ಆಟಗಾರ ಮಸುಕಾಗಿ ಬಲೆಯ ದಾರ ಮಾತ್ರ ಚೊಕ್ಕವಾಗಿ ಕಂಡರೆ ಆಟೊಫೋಕಸ್ ಬಲೆಯನ್ನು ಹಿಡಿದಿದೆ. ಕ್ರೀಸ್‌ನಲ್ಲಿ ಒಬ್ಬರನ್ನು ನಿಲ್ಲಿಸಿ ಫೋಕಸ್ ಮಾಡಿ, ಆಮೇಲೆ ಮ್ಯಾನುವಲ್‌ಗೆ ತಿರುಗಿಸಿ ಮುಟ್ಟಬೇಡಿ. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ರಂಧ್ರ) ಅಗಲ ತೆರೆದು, ಕ್ಯಾಮೆರಾವನ್ನು ಬಲೆಗೆ ಆದಷ್ಟು ಹತ್ತಿರ ಇಟ್ಟರೆ ದಾರಗಳು ಕರಗಿ ಕಾಣದಂತಾಗುತ್ತವೆ. ಆದರೆ ಚೆಂಡು ಬಡಿದಾಗ ಬಲೆ ಹಿಂದಕ್ಕೆ ಉಬ್ಬುತ್ತದೆ. ಅದು ಎಷ್ಟು ಉಬ್ಬುತ್ತದೆಂದು ಮೊದಲು ಕೈಯಿಂದ ತಳ್ಳಿ ನೋಡಿ, ಅದರ ಆಚೆಗೆ ಇಡಿ.

ಫೋನಿನಿಂದ ಬಂದ ವಿಡಿಯೊ

ಪೋಷಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ವಿಶ್ಲೇಷಣೆಗೆ ಬರುವುದಿಲ್ಲ, ಅದು ಕಳಿಸುವಾಗಲೇ ಕುಗ್ಗಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಕೇಬಲ್ ಹಾಕಿ ತೆಗೆದುಕೊಳ್ಳಿ.

ಮೂಲ ಫೈಲ್‌ಗೂ ಒಂದು ಗುಣವಿದೆ. ಎಷ್ಟೋ ಫೋನ್‌ಗಳು ಬೆಳಕು ಕಡಿಮೆಯಾದಾಗ ಫ್ರೇಮ್‌ಗಳ ನಡುವಿನ ಅಂತರ ಹಿಗ್ಗಿಸುತ್ತವೆ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. ವೇರಿಯೆಬಲ್ ಎಂದಿದ್ದರೆ ಫ್ರೇಮ್ ಎಣಿಸಿ ಸಮಯ ಹೇಳುವಂತಿಲ್ಲ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದ ವಿಡಿಯೊ ಪುಟದಲ್ಲಿ ಫೋನ್ ಚಿತ್ರಿಸಿದ ವೇಗವನ್ನೇ ಆರಿಸಿ, ಕಾನ್‌ಸ್ಟಂಟ್ ಫ್ರೇಮ್‌ರೇಟ್ ಗುರುತಿಸಿ ಪರಿವರ್ತಿಸಿ. ಸಮಯ ಸರಿಹೋಗುತ್ತದೆ, ಆದರೆ ಫೋನ್ ಚಿತ್ರಿಸದೆ ಬಿಟ್ಟ ಫ್ರೇಮ್ ಮರಳಿ ಬರುವುದಿಲ್ಲ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ ಆಟೊ ಎಫ್‌ಪಿಎಸ್ ಆಫ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

240 ಫ್ರೇಮ್ ಸ್ಲೋಮೋಷನ್ ಸ್ಪಿನ್ ನೋಡಲು ಬಹಳ ಉಪಯುಕ್ತ. ಸೆಕೆಂಡಿಗೆ 30 ಸುತ್ತು ತಿರುಗುವ ಚೆಂಡು 50 ಫ್ರೇಮ್‌ನಲ್ಲಿ ಫ್ರೇಮಿನಿಂದ ಫ್ರೇಮಿಗೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ, ಯಾವ ದಿಕ್ಕಿಗೆ ಎಂದೇ ಹೇಳಲಾಗುವುದಿಲ್ಲ. 240ರಲ್ಲಿ ಅದೇ 45 ಡಿಗ್ರಿ, ಸೀಮ್ ಕಣ್ಣಿಗೆ ಸಿಗುತ್ತದೆ. ತೊಂದರೆ ಏನೆಂದರೆ ಇಂಥ ಫೈಲ್ ಹಲವು ಸಲ 30 ಫ್ರೇಮ್ ಎಂದು ನಮೂದಾಗಿರುತ್ತದೆ, ಅರ್ಧ ಸೆಕೆಂಡಿನ ಬೀಳುವಿಕೆ ನಾಲ್ಕು ಸೆಕೆಂಡ್ ಎಂದು ತೋರಿಸುತ್ತದೆ. ಕಿನೋವಿಯಾದಲ್ಲಿ ವಿಡಿಯೊ ಟೈಮಿಂಗ್ ಸೆಟ್ಟಿಂಗ್ ತೆರೆದು ಚಿತ್ರೀಕರಣದ ನಿಜ ವೇಗ 240 ಎಂದು ಕೊಡಿ. ಚೆಂಡು ಬೀಳಿಸಿದ ತುಣುಕಿನಲ್ಲಿ 120ರ ಆಸುಪಾಸು ಫ್ರೇಮ್ ಬಂದು ಗಡಿಯಾರ 0.5 ತೋರಿಸಿದರೆ ಸರಿ.

ಫೈಲ್ ಉಳಿಯುತ್ತಿಲ್ಲ, ತೆರೆಯುತ್ತಿಲ್ಲ

ರೆಕಾರ್ಡಿಂಗ್ ಮಧ್ಯೆ ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ಫೈಲ್ ಮತ್ತೆ ತೆರೆಯುವುದಿಲ್ಲ, ಏಕೆಂದರೆ ಅದರ ಸೂಚಿ ಬರೆಯುವುದು ಕೊನೆಯಲ್ಲಿ. ಓಬಿಎಸ್‌ನಲ್ಲಿ ಎಂಕೆವಿ ಆರಿಸಿ, ಆಮೇಲೆ ಫೈಲ್ ಮೆನುವಿನ ರೀಮಕ್ಸ್‌ನಿಂದ ಎಂಪಿ4 ಮಾಡಿಕೊಳ್ಳಿ, ಗುಣಮಟ್ಟ ಒಂದಿಷ್ಟೂ ಕುಗ್ಗುವುದಿಲ್ಲ. 4 ಜಿಬಿ ಆಗುತ್ತಿದ್ದಂತೆ ನಿಂತರೆ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ವಿಡಿಯೋಸ್ ಫೋಲ್ಡರ್‌ಗೆ ಬರೆಯಲು ಅನುಮತಿ ಇಲ್ಲ ಎಂದು ಬಂದರೆ ವಿಂಡೋಸ್ ಸೆಕ್ಯುರಿಟಿಯ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ತಡೆಯುತ್ತಿದೆ. ಅದನ್ನು ಪೂರ್ತಿ ಆಫ್ ಮಾಡುವ ಬದಲು ಬೇರೆ ಫೋಲ್ಡರ್‌ಗೆ ರೆಕಾರ್ಡ್ ಮಾಡಿ, ಒನ್‌ಡ್ರೈವ್ ಸಿಂಕ್ ಇಲ್ಲದ ಜಾಗ ಆರಿಸಿ. 40 ಮೆಗಾಬಿಟ್ ವೇಗದಲ್ಲಿ ಗಂಟೆಗೆ 18 ಜಿಬಿ ಬೇಕು. ಇದು ಸೆಕೆಂಡಿಗೆ 5 ಎಂಬಿ ಮಾತ್ರ, ಆದ್ದರಿಂದ ಒಳಗಿನ ಡಿಸ್ಕ್ ನಿಧಾನ ಎಂಬ ಅನುಮಾನ ಸಾಮಾನ್ಯವಾಗಿ ಸರಿಯಲ್ಲ. ಅಗ್ಗದ ಪೆನ್‌ಡ್ರೈವ್‌ಗೆ ನೇರ ರೆಕಾರ್ಡ್ ಮಾಡುವುದು ಬೇಡ.

ಆಡಿದ ಹೊಡೆತವನ್ನು ಬ್ಯಾಟ್ಸ್‌ಮನ್‌ಗೆ ಕೆಲವು ಸೆಕೆಂಡ್ ತಡವಾಗಿ ತೋರಿಸುವ ಸೌಲಭ್ಯ ಕಿನೋವಿಯಾದಲ್ಲಿದೆ. 8 ಸೆಕೆಂಡ್ ವಿಳಂಬ ಕೇಳಿದರೆ 3 ಸೆಕೆಂಡಿಗೇ ನಿಲ್ಲುತ್ತಿದೆ ಎಂಬುದು ಸಾಮಾನ್ಯ ದೂರು. ಕುಗ್ಗಿಸದ 1080ಪಿ ಬಣ್ಣದ ಫ್ರೇಮ್ 6.2 ಎಂಬಿ, 50 ಫ್ರೇಮ್‌ಗೆ 311 ಎಂಬಿ, 8 ಸೆಕೆಂಡಿಗೆ ಎರಡೂವರೆ ಜಿಬಿ. ಪ್ರಿಫರೆನ್ಸಸ್‌ನಲ್ಲಿ ಕ್ಯಾಪ್ಚರ್‌ಗೆ ಮೀಸಲಿಟ್ಟ ಮೆಮೊರಿ ಹೆಚ್ಚಿಸಿ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ 720ಪಿಗೆ ಇಳಿಯುವುದೇ ಜಾಣತನ.

ಅಳತೆ ತಪ್ಪು ಬರುತ್ತಿದೆ

ಕಿನೋವಿಯಾದಲ್ಲಿ ಉದ್ದ ಅಳೆಯಲು ಗೊತ್ತಿರುವ ಒಂದು ಅಳತೆ ಕೊಡಬೇಕು. 71.1 ಸೆಂ.ಮೀ ಎತ್ತರದ ಸ್ಟಂಪ್ ಹತ್ತಿರದಲ್ಲೇ ಸಿಗುತ್ತದೆ. ಆದರೆ ಅಳೆಯುವ ವಸ್ತು ಸ್ಟಂಪ್ ಇರುವ ಸಮತಲದಲ್ಲೇ ಇರಬೇಕು. ಕ್ಯಾಮೆರಾ 10 ಮೀಟರ್ ದೂರದಲ್ಲಿದ್ದು ಬೌಲರ್‌ನ ಕಾಲು ಆ ಸಮತಲಕ್ಕಿಂತ 1 ಮೀಟರ್ ಈಚೆ ಬಿದ್ದರೆ ಹೆಜ್ಜೆಯ ಉದ್ದ ಶೇ 11ರಷ್ಟು ಹೆಚ್ಚಾಗಿ ಬರುತ್ತದೆ. ಕ್ಯಾಮೆರಾವನ್ನು ಹಿಂದಕ್ಕೆ ಒಯ್ದು ಜೂಮ್ ಮಾಡಿ, 20 ಮೀಟರ್‌ನಲ್ಲಿ ಅದೇ ತಪ್ಪು ಶೇ 5ಕ್ಕೆ ಇಳಿಯುತ್ತದೆ. ಅಗಲ ನೋಟದ ಆ್ಯಕ್ಷನ್ ಕ್ಯಾಮೆರಾದಲ್ಲಿ ಅಂಚಿನ ಗೆರೆಗಳು ಬಾಗುತ್ತವೆ, ಲೀನಿಯರ್ ನೋಟ ಆರಿಸಿ, ಅಂಚಿನಲ್ಲಿ ಅಳೆಯಬೇಡಿ. ಬೀಸಿದ ಬ್ಯಾಟ್ ಬಿಲ್ಲಿನಂತೆ ಬಾಗಿ ಕಂಡರೆ ಅದು ಸೆನ್ಸರ್ ಸಾಲು ಸಾಲಾಗಿ ಓದುವುದರ ಫಲ, ಆ ಫ್ರೇಮ್‌ನಲ್ಲಿ ಬ್ಯಾಟಿನ ಕೋನ ತೆಗೆಯಬಾರದು.

ಬೌಲಿಂಗ್ ಶೈಲಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಐಸಿಸಿ ನಿಯಮದಲ್ಲಿ ಮೊಣಕೈ ನೇರವಾಗುವ ಮಿತಿ 15 ಡಿಗ್ರಿ. ಭುಜ ತಿರುಗುವಾಗ ತೋಳು ಕ್ಯಾಮೆರಾದ ಸಮತಲದಿಂದ ಆಚೆ ಹೋಗುತ್ತದೆ, ಒಂದೇ ಕ್ಯಾಮೆರಾದ ಚಿತ್ರದಲ್ಲಿ ನೇರ ಕೈಯೂ ಬಾಗಿದಂತೆ, ಬಾಗಿದ ಕೈಯೂ ನೇರವಾದಂತೆ ಕಾಣಬಹುದು. ಕಿನೋವಿಯಾದಲ್ಲಿ 18 ಡಿಗ್ರಿ ಬಂತೆಂದು ಎಳೆಯ ಬೌಲರ್ ಮೇಲೆ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಅದನ್ನು ಹಲವು ಕ್ಯಾಮೆರಾಗಳಿಂದ ಮೂರು ಆಯಾಮದಲ್ಲಿ ಅಳೆಯುವ ಪ್ರಯೋಗಾಲಯಕ್ಕೇ ಬಿಡಬೇಕು.

ಎರಡು ಕ್ಯಾಮೆರಾ ಹೊಂದುತ್ತಿಲ್ಲ

ಪಕ್ಕದಿಂದ ಒಂದು, ಬೌಲರ್ ಹಿಂದಿನಿಂದ ಒಂದು ಎಂದು ಚಿತ್ರಿಸಿ, ಬ್ಯಾಟಿಗೆ ಚೆಂಡು ತಾಗಿದ ಸದ್ದು ಹಿಡಿದು ಎರಡನ್ನೂ ಜೋಡಿಸುವುದು ರೂಢಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಕ್ಯಾಮೆರಾ ಬ್ಯಾಟ್ಸ್‌ಮನ್ ಪಕ್ಕದಲ್ಲೂ ಇನ್ನೊಂದು 20 ಮೀಟರ್ ಆಚೆಗೂ ಇದ್ದರೆ ಸದ್ದಿನ ಲೆಕ್ಕದಲ್ಲಿ ಎರಡೂ ಸರಿಯಾಗಿ ಕೂತಿದ್ದರೂ ಚಿತ್ರ 50 ಫ್ರೇಮ್‌ನಲ್ಲಿ ಮೂರು ಫ್ರೇಮ್ ಆಚೀಚೆ ಇರುತ್ತದೆ. ಕಾರ್ಡ್‌ಗಳ ಆಡಿಯೊ ವಿಳಂಬ ಬೇರೆ ಬೇರೆಯಾಗಿದ್ದರೆ ಇನ್ನೂ ಹೆಚ್ಚು. ಕಣ್ಣಿಗೆ ಕಾಣುವ ಗುರುತು ಬಳಸಿ. ಎರಡೂ ಕ್ಯಾಮೆರಾಗೆ ಕಾಣುವ ಜಾಗದಲ್ಲಿ ಟಾರ್ಚ್ ಒಮ್ಮೆ ಮಿನುಗಿಸಿ, ಅದು ಹೊತ್ತಿದ ಮೊದಲ ಫ್ರೇಮನ್ನು ಎರಡರಲ್ಲೂ ಹುಡುಕಿ ಹೊಂದಿಸಿ. ಗಂಟೆಗಟ್ಟಲೆ ರೆಕಾರ್ಡಿಂಗ್‌ನಲ್ಲಿ ಎರಡು ಕ್ಯಾಮೆರಾಗಳ ಗಡಿಯಾರ ನಿಧಾನವಾಗಿ ಬೇರೆಯಾಗುತ್ತವೆ, ಆದ್ದರಿಂದ ಪ್ರತಿ ಬೌಲರ್ ಬದಲಾದಾಗ ಮತ್ತೊಮ್ಮೆ ಟಾರ್ಚ್ ತೋರಿಸಿ.